1996ರ ವಿಶ್ವ ಸುಂದರಿ ಸ್ಪರ್ಧೆಯ ಕಾಗದಗಳನ್ನು ಉಳಿಸಿಕೊಡಿ: ರಾಜ್ಯ ಪತ್ರಾಗಾರಕ್ಕೊಂದು ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು,
ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ,
ಬೆಂಗಳೂರು.

ಮಾನ್ಯರೇ,

1996ರ ನವೆಂಬರ್ 23ರ ಶನಿವಾರ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆಯಿತು. 2026ರ ಅದೇ ದಿನಕ್ಕೆ ಅದಕ್ಕೆ ಮೂವತ್ತು ವರ್ಷ ತುಂಬುತ್ತದೆ. ಆ ಸ್ಪರ್ಧೆಗೆ ಅನುಮತಿ ಕೊಟ್ಟ, ಅದಕ್ಕೆ ಕಾವಲು ನಿಂತ, ಅದನ್ನು ವಿರೋಧಿಸಿದವರನ್ನು ಬಂಧಿಸಿದ ಸರ್ಕಾರದ ಕಡತಗಳನ್ನೂ, ವಿರೋಧಿಸಿದ ಸಂಘಟನೆಗಳ ಕರಪತ್ರಗಳನ್ನೂ, ಅಂದು ಎರಡೂ ಕಡೆ ಇದ್ದು ಇನ್ನೂ ನಮ್ಮ ನಡುವೆ ಇರುವವರ ಮಾತುಗಳನ್ನೂ ತಮ್ಮ ಇಲಾಖೆ ಒಂದೆಡೆ ಸೇರಿಸಿ ಕಾಪಾಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ನಾನು ಹೇಳುತ್ತಿರುವ ಕಾಗದಗಳಲ್ಲಿ ಬಹಳಷ್ಟು ಸರ್ಕಾರದ ಬಳಿ ಇಲ್ಲ. ಅವು ಜನರ ಮನೆಯ ಅಟ್ಟಗಳಲ್ಲಿ, ಟ್ರಂಕುಗಳಲ್ಲಿ, ಮುಚ್ಚಿಹೋದ ಸಂಘಗಳ ಬೀರುಗಳಲ್ಲಿ ಇವೆ. ಅವುಗಳನ್ನು ಇಟ್ಟುಕೊಂಡವರ ಕಿವಿಗೂ ಈ ಮಾತು ಬೀಳಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ.

ಆ ವರ್ಷ ನಾನು ನಗರದ ಒಂದು ಕಾಲೇಜಿನಲ್ಲಿ ಸಹಾಯಕ ಗ್ರಂಥಪಾಲಕಿಯಾಗಿದ್ದೆ. ನನಗೆ ಇಪ್ಪತ್ತೇಳು ವರ್ಷ. ಸ್ಪರ್ಧೆಯನ್ನು ವಿರೋಧಿಸಿ ಕರಪತ್ರ ಹಂಚಿದವರಲ್ಲಿ, ಭಿತ್ತಿಪತ್ರ ಹಿಡಿದು ರಸ್ತೆ ಬದಿ ನಿಂತವರಲ್ಲಿ ನಾನೂ ಒಬ್ಬಳು. ವೃತ್ತಿಯ ಅಭ್ಯಾಸದಿಂದ ಕೈಗೆ ಸಿಕ್ಕ ಕಾಗದವನ್ನೆಲ್ಲ ಎತ್ತಿಡುತ್ತಿದ್ದೆ: ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಸಭೆಗಳ ಆಹ್ವಾನಗಳು, ಕನ್ನಡ ಪತ್ರಿಕೆಗಳ ವಾಚಕರ ವಾಣಿಯ ತುಣುಕುಗಳು, ನಮ್ಮನ್ನು ಬೈದು ಹಂಚಿದ ಕರಪತ್ರಗಳು ಕೂಡ. ಅವೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಬದಲಾದಾಗಲೆಲ್ಲ ನನ್ನ ಜೊತೆ ಬಂದವು. ಎರಡು ಮಳೆಗಾಲಗಳ ಹಿಂದೆ ಪೆಟ್ಟಿಗೆ ತೆರೆದಾಗ ಅರ್ಧದಷ್ಟನ್ನು ಗೆದ್ದಲು ತಿಂದಿತ್ತು. ಉಳಿದುದನ್ನು ಬಿಸಿಲಿಗೆ ಹರವಿ ಕುಳಿತ ಆ ಮಧ್ಯಾಹ್ನವೇ ಈ ಪತ್ರ ನನ್ನೊಳಗೆ ಶುರುವಾಯಿತು.

ಹೋದ ಕಾಗದಗಳಿಗೆ ಬದಲಾಗಿ ಸರ್ಕಾರಿ ದಾಖಲೆಗಳಾದರೂ ಸಿಕ್ಕಾವು ಎಂದು ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ಸೌಜನ್ಯದಿಂದಲೇ ಮಾತನಾಡಿಸಿದರು. ಅಷ್ಟು ಹಳೆಯ ಬಂದೋಬಸ್ತಿನ ಕಡತಗಳನ್ನು ಅವಧಿ ಮುಗಿದ ಮೇಲೆ ವಿಲೇವಾರಿ ಮಾಡಿರಬಹುದು, ಮಾಡದೆಯೂ ಇರಬಹುದು, ಹುಡುಕಿ ಹೇಳಲು ಜನವಿಲ್ಲ ಎಂದು ತಿಳಿಸಿದರು. ನಾನು ಅವರನ್ನು ದೂರುವುದಿಲ್ಲ. ಕಡತಗಳನ್ನು ವರ್ಗ ಮಾಡಿ, ಇಷ್ಟು ವರ್ಷ ಇಡಬೇಕೆಂದು ನಿಗದಿ ಮಾಡಿ, ಅವಧಿ ತೀರಿದವನ್ನು ನಾಶಪಡಿಸುವುದು ಎಲ್ಲ ಕಚೇರಿಗಳ ಕ್ರಮ. ಆದರೆ ಒಂದು ಕಡತ ಚರಿತ್ರೆಗೆ ಬೇಕು ಎಂದು ಯಾರಾದರೂ ಹೇಳದೆ ಹೋದರೆ, ಅದು ರದ್ದಿಯ ಜೊತೆ ರದ್ದಿಯಾಗಿ ಹೋಗುತ್ತದೆ. ಅದನ್ನು ಹೇಳುವ ಅಧಿಕಾರ ಮತ್ತು ತಿಳಿವಳಿಕೆ ಎರಡೂ ಇರುವುದು ತಮ್ಮ ಇಲಾಖೆಗೆ.

ಸೌಂದರ್ಯ ಸ್ಪರ್ಧೆಯೊಂದರ ಕಾಗದಗಳಿಗೆ ಪತ್ರಾಗಾರದಲ್ಲಿ ಜಾಗ ಕೊಡುವುದೇ ಎಂದು ತಮಗೆ ಅನ್ನಿಸಿದರೆ, ಅದೇ ವರ್ಷ ಅದೇ ಕ್ರೀಡಾಂಗಣದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನೆನಪಿಸುತ್ತೇನೆ. 1996ರ ಮಾರ್ಚ್ 9ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು 39 ರನ್ನುಗಳಿಂದ ಸೋಲಿಸಿತು. ಅಜಯ್ ಜಡೇಜಾ ಕೊನೆಯ ಓವರುಗಳಲ್ಲಿ ಬಾರಿಸಿದ್ದನ್ನು, ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲರ ವಿಕೆಟ್ ಕಿತ್ತದ್ದನ್ನು ಆಗ ಹುಟ್ಟದೇ ಇದ್ದ ಮಕ್ಕಳೂ ಚೆಂಡು ಚೆಂಡಿಗೆ ಹೇಳಬಲ್ಲರು. ಎಂಟು ತಿಂಗಳ ನಂತರ ಅದೇ ಹುಲ್ಲಿನ ಮೇಲೆ ವೇದಿಕೆ ಕಟ್ಟಿ ನಡೆಸಿದ ಸ್ಪರ್ಧೆ ಈ ನಾಡಿನ ಸರ್ಕಾರ, ನ್ಯಾಯಾಲಯ, ರೈತ ಚಳವಳಿ, ಮಹಿಳಾ ಚಳವಳಿ, ರಾಜಕೀಯ ಪಕ್ಷಗಳು ಎಲ್ಲವನ್ನೂ ಅಲುಗಾಡಿಸಿತ್ತು. ಇಂದು ಅದರ ಬಗ್ಗೆ ಕೇಳಿದರೆ ಜನ ಎರಡು ಮಾತು ಹೇಳುತ್ತಾರೆ: ಅಮಿತಾಭ್ ಬಚ್ಚನ್ ನಷ್ಟ ಮಾಡಿಕೊಂಡರು, ಯಾರೋ ಬೆಂಕಿ ಹಚ್ಚಿಕೊಳ್ಳುತ್ತೇವೆ ಎಂದು ಹೆದರಿಸಿದ್ದರು. ಅಷ್ಟೇ ಉಳಿದಿದೆ.

ಸ್ಪರ್ಧೆ ಬೆಂಗಳೂರಿಗೆ ಬಂದ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1951ರಲ್ಲಿ ಲಂಡನ್ನಿನಲ್ಲಿ ಎರಿಕ್ ಮೊರ್ಲೆ ಎಂಬವರು ಶುರು ಮಾಡಿದ ಈ ಸ್ಪರ್ಧೆಯನ್ನು 1966ರಲ್ಲಿ ವೈದ್ಯಕೀಯ ವಿದ್ಯಾರ್ಥಿನಿ ರೀಟಾ ಫಾರಿಯಾ ಗೆದ್ದಾಗ ಭಾರತದಲ್ಲಿ ಅದು ಪತ್ರಿಕೆಯ ಸುದ್ದಿಯಾಗಿ ಮುಗಿಯಿತು. 1994ರ ಹೊತ್ತಿಗೆ ಕಾಲ ಬೇರೆಯಾಗಿತ್ತು. ಆ ವರ್ಷ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಕಿರೀಟವನ್ನೂ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವ ಸುಂದರಿ ಕಿರೀಟವನ್ನೂ ಗೆದ್ದರು. 1991ರ ಉದಾರೀಕರಣದ ನಂತರ ದೇಶದ ಮಾರುಕಟ್ಟೆಗೆ ವಿದೇಶಿ ಕಂಪನಿಗಳು ಬರುತ್ತಿದ್ದವು, ಮನೆಮನೆಗೆ ಕೇಬಲ್ ಟಿ.ವಿ. ಬಂದಿತ್ತು. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ಸ್ಪರ್ಧೆಯನ್ನು ನಡೆಸಿಕೊಡಲು ಮುಂದಾಯಿತು. ಗೋದ್ರೆಜ್ ಮುಖ್ಯ ಪ್ರಾಯೋಜಕ ಸಂಸ್ಥೆಯಾಯಿತು. ಬೆಂಗಳೂರು ತನ್ನನ್ನು ಜಗತ್ತಿಗೆ ತೋರಿಸಿಕೊಳ್ಳುವ ಉತ್ಸಾಹದಲ್ಲಿದ್ದ ಊರು. ದೆಹಲಿಯಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿ, ಇಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಕರ್ನಾಟಕ ಏಕೀಕರಣಕ್ಕೆ ನಲವತ್ತು ವರ್ಷ ತುಂಬಿದ ರಾಜ್ಯೋತ್ಸವದ ತಿಂಗಳಲ್ಲೇ 88 ದೇಶ ಪ್ರದೇಶಗಳ ತರುಣಿಯರು ನಗರಕ್ಕೆ ಬಂದಿಳಿದರು.

ಇನ್ನು ವಿರೋಧದ ವಿಚಾರ. ಇದನ್ನು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ದಾಖಲೆ ಉಳಿಯದೆ ಹೋದರೆ ಮೊದಲು ಹಾಳಾಗುವುದು ಇದೇ ಭಾಗ, ಈಗಾಗಲೇ ಬಹುಪಾಲು ಹಾಳಾಗಿದೆ. ಸ್ಪರ್ಧೆಯನ್ನು ವಿರೋಧಿಸಿದವರೆಲ್ಲ ಒಂದೇ ಗುಂಪು, ಅವರದು ಒಂದೇ ಮಾತು ಎಂದು ಈಗ ಜನ ತಿಳಿಯುತ್ತಾರೆ. ನಿಜವಾಗಿ ಕನಿಷ್ಠ ಮೂರು ಬೇರೆ ಬೇರೆ ಮಾತುಗಳಿದ್ದವು, ಆ ಮಾತುಗಳನ್ನಾಡಿದವರು ಒಬ್ಬರನ್ನೊಬ್ಬರು ಒಪ್ಪುತ್ತಿರಲಿಲ್ಲ.

ಭಾರತೀಯ ಜನತಾ ಪಕ್ಷ ಮತ್ತು ಅದರ ವಿಚಾರಕ್ಕೆ ಹತ್ತಿರವಿದ್ದ ಸಂಘಟನೆಗಳು ಭಾರತೀಯ ಸಂಸ್ಕೃತಿಗೆ, ಹೆಣ್ಣಿನ ಮಾನಕ್ಕೆ ಇದರಿಂದ ಕುಂದು ಎಂದವು. ಮಹಿಳಾ ಜಾಗರಣ ಎಂಬ ಸಂಘಟನೆಯ ಕಡೆಯಿಂದ ಆತ್ಮಾಹುತಿಯ ಬೆದರಿಕೆ ಬಂದಿತು, ದೇಶ ವಿದೇಶಗಳ ವರದಿಗಾರರು ಅದನ್ನೇ ಹಿಡಿದು ಬರೆದರು. ಕರ್ನಾಟಕ ರಾಜ್ಯ ರೈತ ಸಂಘದ್ದು ಬೇರೆಯೇ ತರ್ಕ. ಬೀಜದ ಮೇಲೆ ಬಹುರಾಷ್ಟ್ರೀಯ ಕಂಪನಿಗಳ ಹಿಡಿತವನ್ನು ವಿರೋಧಿಸಿ ಅಮೆರಿಕದ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿದ್ದ, ಅದೇ 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಯ ಮೇಲೆ ದಾಳಿ ಮಾಡಿದ್ದ ರೈತ ಸಂಘಕ್ಕೆ ವಿಶ್ವ ಸುಂದರಿ ಸ್ಪರ್ಧೆಯೂ ಅದೇ ಸರಣಿಯ ಇನ್ನೊಂದು ಕೊಂಡಿಯಾಗಿ ಕಂಡಿತು, ಸಂಘದ ನಾಯಕ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಸೋಪು, ಶಾಂಪೂ, ಬೀಜ, ಗೊಬ್ಬರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟು ಮಾತನಾಡುತ್ತಿದ್ದರು. ಮೂರನೆಯದು ವಿಮೋಚನಾ, ಜನವಾದಿ ಮಹಿಳಾ ಸಂಘಟನೆಯಂತಹ ಮಹಿಳಾ ಸಂಘಟನೆಗಳ ಮಾತು. ನಾನು ನಿಂತದ್ದು ಈ ಕಡೆ.

ನಮ್ಮ ತಕರಾರು ಉಡುಪಿನ ಬಗ್ಗೆ ಇರಲಿಲ್ಲ. ಯಾವ ಹೆಣ್ಣು ಎಷ್ಟು ಬಟ್ಟೆ ತೊಡಬೇಕೆಂದು ಹೇಳುವ ಹಕ್ಕು ನಮಗೂ ಇಲ್ಲ, ಬೇರೆ ಯಾರಿಗೂ ಇಲ್ಲ ಎಂದೇ ನಾವು ಬರೆದೆವು. ವರದಕ್ಷಿಣೆಗಾಗಿ ಸುಟ್ಟು ಬಂದ ಹೆಂಗಸರು ಆಸ್ಪತ್ರೆಯ ವಾರ್ಡುಗಳಲ್ಲಿ ನರಳುತ್ತಿದ್ದಾಗ, ಅವರ ದೂರು ಬರೆದುಕೊಳ್ಳಲು ಠಾಣೆಯಲ್ಲಿ ಸಿಬ್ಬಂದಿ ಇಲ್ಲವೆಂದು ನಮ್ಮನ್ನು ವಾಪಸು ಕಳಿಸುತ್ತಿದ್ದಾಗ, ಹೆಣ್ಣಿನ ಮೈಯನ್ನು ಅಳೆದು ಅಂಕ ಕೊಟ್ಟು ಸಾಮಾನು ಮಾರುವ ಕಾರ್ಯಕ್ರಮವೊಂದಕ್ಕೆ ಸರ್ಕಾರ ಸಾವಿರಾರು ಪೊಲೀಸರನ್ನು ಹೇಗೆ ಒದಗಿಸುತ್ತದೆ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಆ ಪ್ರಶ್ನೆ ಹೊತ್ತು ರಸ್ತೆಗೆ ಹೋದರೆ ಪಕ್ಕದಲ್ಲಿ ನಿಂತವರು ಸೀತೆ ಸಾವಿತ್ರಿಯರ ಹೆಸರು ಹೇಳಿ ಘೋಷಣೆ ಕೂಗುತ್ತಿದ್ದರು. ಮಾರನೆಯ ದಿನದ ಪತ್ರಿಕೆಯಲ್ಲಿ ಇಬ್ಬರೂ ಒಂದೇ ಚಿತ್ರದಲ್ಲಿ, ಒಂದೇ ಅಡಿಬರಹದ ಕೆಳಗೆ ಕಾಣಿಸಿಕೊಳ್ಳುತ್ತಿದ್ದೆವು. ನಮ್ಮ ಸಭೆಗಳಲ್ಲಿ ಹೆಚ್ಚು ಹೊತ್ತು ಚರ್ಚೆಯಾಗುತ್ತಿದ್ದುದು ಸ್ಪರ್ಧೆಯ ಬಗ್ಗೆ ಅಲ್ಲ, ನಮ್ಮ ವಿರೋಧವನ್ನು ಆ ವಿರೋಧದಿಂದ ಬೇರೆ ಮಾಡಿ ತೋರಿಸುವುದು ಹೇಗೆ ಎಂಬುದರ ಬಗ್ಗೆ. ಆ ಸಂಕಟ ಕರಪತ್ರಗಳ ಒಂದೊಂದು ಕರಡಿನಲ್ಲೂ ಇದೆ; ಪದ ಹೊಡೆದು ಹಾಕಿ ಇನ್ನೊಂದು ಪದ ಬರೆದ ಗುರುತುಗಳಲ್ಲಿ ಇದೆ. ‘ಮಾನ’ ಎಂದು ಬರೆದು, ಅದನ್ನು ಹೊಡೆದು ‘ಘನತೆ’ ಎಂದು ತಿದ್ದಿದ ಒಂದು ಹಾಳೆ ನನ್ನ ಪೆಟ್ಟಿಗೆಯಲ್ಲಿ ಇನ್ನೂ ಉಳಿದಿದೆ. ಕನ್ನಡದಲ್ಲಿ ಮಹಿಳಾ ಚಳವಳಿ ತನ್ನ ಭಾಷೆಯನ್ನು ಹುಡುಕಿಕೊಂಡ ಬಗೆಯನ್ನು ಅರಿಯಲು ಬಯಸುವ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಸ್ಪರ್ಧೆಯನ್ನು ಸಮರ್ಥಿಸಿ ನಿಂತ ಪಟೇಲರೂ, ಅದನ್ನು ನಡೆಯಗೊಡುವುದಿಲ್ಲ ಎಂದ ನಂಜುಂಡಸ್ವಾಮಿಯವರೂ ಲೋಹಿಯಾ ವಿಚಾರದ ಒಂದೇ ಸಮಾಜವಾದಿ ಗರಡಿಯಿಂದ ಬಂದವರು, ಶಾಂತವೇರಿ ಗೋಪಾಲಗೌಡರನ್ನು ಕಂಡು ಬೆಳೆದ ತಲೆಮಾರಿನವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತನಾಡಿದ ಪಟೇಲರಿಗೆ ದೇಸಿಯತೆಯ ಪಾಠ ಹೇಳಿಕೊಡಬೇಕಾಗಿರಲಿಲ್ಲ. ವಿದೇಶದಲ್ಲಿ ಕಾನೂನು ಓದಿ ಬಂದ ನಂಜುಂಡಸ್ವಾಮಿಯವರಿಗೆ ಹೊರಜಗತ್ತು ಅಪರಿಚಿತವಾಗಿರಲಿಲ್ಲ. ಒಂದೇ ಬೇರಿನ ಎರಡು ಕೊಂಬೆಗಳು ಹೆಣ್ಣು, ಮಾರುಕಟ್ಟೆ, ಸ್ವಾತಂತ್ರ್ಯ ಎಂಬ ಮೂರು ಮಾತುಗಳ ಎದುರಿಗೆ ಹೀಗೆ ವಿರುದ್ಧ ದಿಕ್ಕಿಗೆ ಚಾಚಿದ್ದು ಕರ್ನಾಟಕದ ವಿಚಾರ ಚರಿತ್ರೆಯ ದೊಡ್ಡ ಪ್ರಸಂಗ. ಪಟೇಲರು 2000ದ ಡಿಸೆಂಬರಿನಲ್ಲಿ, ನಂಜುಂಡಸ್ವಾಮಿಯವರು 2004ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರನ್ನು ಕೇಳುವ ಅವಕಾಶ ಕಳೆದುಹೋಗಿದೆ. ಅವರ ಜೊತೆಗಿದ್ದ ಅಧಿಕಾರಿಗಳು, ಕಾರ್ಯಕರ್ತರು ಇದ್ದಾರೆ, ಅವರಿಗೂ ವಯಸ್ಸಾಗಿದೆ.

ಸ್ಪರ್ಧೆಗೆ ಕೆಲವೇ ದಿನ ಮುಂಚೆ ತಮಿಳುನಾಡಿನ ಮದುರೈಯಲ್ಲಿ ಒಬ್ಬ ಯುವಕ ಇದನ್ನು ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಆ ಸುದ್ದಿ ಬಂದ ಸಂಜೆ ನಮ್ಮ ಸಭೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಸುಟ್ಟ ಹೆಂಗಸರ ಪರವಾಗಿ ಮಾತನಾಡುತ್ತೇವೆಂದು ಹೊರಟ ನಮಗೆ, ನಮ್ಮ ವಿರೋಧದ ಸುತ್ತಲಿನ ಗಾಳಿಯಲ್ಲೇ ಒಂದು ಜೀವ ಸುಟ್ಟುಹೋದದ್ದನ್ನು ಹೇಗೆ ಹೊರಬೇಕೆಂದು ತಿಳಿಯಲಿಲ್ಲ. ಬೆಂಕಿಯ ಬೆದರಿಕೆಯನ್ನು ಹೋರಾಟದ ಆಯುಧ ಮಾಡಿಕೊಂಡವರನ್ನು ನಾವು ಆಗಲೇ ಬಹಿರಂಗವಾಗಿ, ಜೋರಾಗಿ ಖಂಡಿಸಬೇಕಿತ್ತು. ಕೆಲವರು ಖಂಡಿಸಿದರು, ನಾನು ಖಂಡಿಸಲಿಲ್ಲ. ವಿರೋಧ ಒಡೆದುಹೋದೀತು ಎಂಬ ಅಂಜಿಕೆ ನನಗಿತ್ತು. ಇದನ್ನು ಇಲ್ಲಿ ಬರೆಯುತ್ತಿರುವುದು, ನಾನು ಕೇಳುತ್ತಿರುವ ದಾಖಲೆಯಲ್ಲಿ ನಮ್ಮ ತಪ್ಪುಗಳಿಗೂ ಜಾಗ ಇರಬೇಕು ಎಂಬ ಕಾರಣಕ್ಕೆ.

ಹೈಕೋರ್ಟಿಗೆ ಅರ್ಜಿಗಳು ಹೋದವು. ನ್ಯಾಯಾಲಯ ಸ್ಪರ್ಧೆಯನ್ನು ನಿಲ್ಲಿಸಲಿಲ್ಲ. ಈಜುಡುಗೆಯ ಸುತ್ತನ್ನು ಬೆಂಗಳೂರಿನಿಂದ ತೆಗೆದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಿಗೆ ಒಯ್ದರು. ಆ ತೀರ್ಮಾನ ಯಾವ ಮಾತುಕತೆಯಲ್ಲಿ, ಯಾರ ಒತ್ತಾಯಕ್ಕೆ, ಯಾವ ಷರತ್ತಿನ ಮೇಲೆ ಆಯಿತು ಎಂಬುದು ಕಡತಗಳಲ್ಲಿ ಇರಲೇಬೇಕು. ನಮ್ಮಲ್ಲಿ ಕೆಲವರು ಅದನ್ನು ಗೆಲುವೆಂದು ಸಂಭ್ರಮಿಸಿದರು. ನನಗೆ ಹಾಗೆ ಅನ್ನಿಸಲಿಲ್ಲ. ಮೈ ಅಳೆಯುವ ಕೆಲಸ ನಿಲ್ಲಲಿಲ್ಲ, ನಮ್ಮ ಕಣ್ಣಿಗೆ ಬೀಳದ ಕಡೆಗೆ ಹೋಯಿತು. ಅದರಿಂದ ಸಮಾಧಾನವಾದದ್ದು ಸಂಸ್ಕೃತಿಯ ಹೆಸರಿನ ಆಕ್ಷೇಪಕ್ಕೆ ಮಾತ್ರ. ಮಹಿಳಾ ಸಂಘಟನೆಗಳ ಪ್ರಶ್ನೆ ಇದ್ದಲ್ಲೇ ಇತ್ತು.

ಸ್ಪರ್ಧೆಯ ದಿನ ಸುಮಾರು ಹತ್ತು ಸಾವಿರ ಪೊಲೀಸರು ಕಾವಲಿದ್ದರೆಂದು ಆಗಿನ ಪತ್ರಿಕೆಗಳು ಬರೆದವು. ಕಬ್ಬನ್ ಪಾರ್ಕಿನ ಸುತ್ತಲ ರಸ್ತೆಗಳಲ್ಲಿ ಹತ್ತು ಹೆಜ್ಜೆಗೊಬ್ಬರು ನಿಂತಿದ್ದರು. ನೂರಾರು ಜನರನ್ನು ಬಂಧಿಸಿದರು. ನಮ್ಮನ್ನು ವ್ಯಾನಿನಲ್ಲಿ ತುಂಬಿ ಒಯ್ದು ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದರು, ರಾತ್ರಿ ಸ್ಪರ್ಧೆ ಮುಗಿದ ಮೇಲೆ ಬಿಟ್ಟರು. ಯಾರೂ ಕೈ ಎತ್ತಲಿಲ್ಲ, ಅದನ್ನೂ ಹೇಳಬೇಕು. ಅಲ್ಲಿ ನಮ್ಮ ಕಾವಲಿಗಿದ್ದ ಮಹಿಳಾ ಪೇದೆಯೊಬ್ಬರು ಹೊರ ಜಿಲ್ಲೆಯಿಂದ ಬಂದವರು. ಎಂಟು ತಿಂಗಳ ಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದು ಐದು ದಿನವಾಗಿತ್ತು ಅವರಿಗೆ. ಎದೆಹಾಲು ಕಟ್ಟಿಕೊಂಡು ನೋವೆಂದು ನಮ್ಮಲ್ಲಿದ್ದ ಹಿರಿಯರೊಬ್ಬರ ಹತ್ತಿರ ಮೆಲ್ಲಗೆ ಹೇಳಿಕೊಂಡರು. ಆ ಹಿರಿಯರು ಅವರನ್ನು ಮಂಟಪದ ಅಡುಗೆಮನೆಗೆ ಕರೆದೊಯ್ದು ಬಿಸಿನೀರಿನ ಶಾಖ ಕೊಟ್ಟರು. ಆ ಅರ್ಧ ಗಂಟೆ ಬಂಧಿಸಿದವರು ಯಾರು, ಬಂಧನದಲ್ಲಿ ಇರುವವರು ಯಾರು ಎಂಬ ಗೆರೆಯೇ ಅಳಿಸಿತ್ತು. ಅಂದು ಬಂದೋಬಸ್ತಿಗೆ ಬಂದ ಹೆಂಗಸರು ಎಷ್ಟು ಜನ, ಅವರು ಎಲ್ಲಿ ಮಲಗಿದರು, ಅವರಿಗೆ ಭತ್ಯೆ ಸಿಕ್ಕಿತೇ, ಆ ಇಡೀ ಕಾವಲಿನ ಖರ್ಚನ್ನು ಕೊನೆಗೆ ಯಾರು ಭರಿಸಿದರು, ಇವೆಲ್ಲ ಹಾಜರಿ ಪುಸ್ತಕಗಳಲ್ಲಿ, ಬಿಲ್ಲುಗಳಲ್ಲಿ ಇದ್ದಿರಬೇಕಾದ ಸಂಗತಿಗಳು. ವೇದಿಕೆಯ ಮೇಲೆ ನಡೆದ 88 ಹೆಣ್ಣುಮಕ್ಕಳ ಹೆಸರು ಜಗತ್ತಿನ ದಾಖಲೆಯಲ್ಲಿ ಇದೆ. ಅವರಿಗಾಗಿ ರಸ್ತೆಯಲ್ಲಿ ನಿಂತ ಹೆಣ್ಣುಮಕ್ಕಳ ಲೆಕ್ಕ ನಮ್ಮದೇ ಸರ್ಕಾರದಲ್ಲಿ ಸಿಗದೆ ಹೋಗಬಾರದು.

ಆ ರಾತ್ರಿ ಗ್ರೀಸ್ ದೇಶದ ಐರೀನ್ ಸ್ಕ್ಲೀವಾ ಕಿರೀಟ ಗೆದ್ದರು. ಭಾರತದ ರಾಣಿ ಜಯರಾಜ್ ಕೊನೆಯ ಐವರಲ್ಲಿ ಒಬ್ಬರಾದರು. ಸೋಮವಾರ ಕಾಲೇಜಿಗೆ ಹೋದಾಗ ಗ್ರಂಥಾಲಯದಲ್ಲಿ ಹುಡುಗಿಯರು ಪತ್ರಿಕೆಗಳ ಮೇಲೆ ಮುಗಿಬಿದ್ದಿದ್ದರು. ಅವರಲ್ಲಿ ದಕ್ಷಿಣ ಕನ್ನಡದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬಳು, ಐಶ್ವರ್ಯಾ ರೈ ಮನೆಯಲ್ಲಿ ತುಳು ಮಾತನಾಡುತ್ತಾರಂತೆ ಮೇಡಂ ಎಂದು ನನಗೆ ಎಷ್ಟೋ ಸಲ ಹೇಳಿದ್ದಳು. ಕಪ್ಪು ಬಣ್ಣದ, ಮಾತು ಕಡಿಮೆಯ ಆ ಹುಡುಗಿಗೆ ಆ ಒಂದು ಸಂಗತಿ ಕೊಟ್ಟಿದ್ದ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಅಂದು ನನ್ನನ್ನು ಕೇಳಿದಳು: ಬೆಳ್ಳಗಿರುವವರನ್ನೇ ಆರಿಸುತ್ತಾರೆಂದು ನಿಮಗೆ ಕೋಪವೋ, ಅಥವಾ ಹುಡುಗಿಯರು ಅಲ್ಲಿಗೆ ಹೋಗುವುದೇ ನಿಮಗೆ ಇಷ್ಟವಿಲ್ಲವೋ? ಮೊದಲನೆಯದು ಎಂದೆ. ಹಾಗಾದರೆ ಅದನ್ನು ನಿಮ್ಮ ಕರಪತ್ರದಲ್ಲಿ ಏಕೆ ಬರೆದಿಲ್ಲ ಎಂದಳು. ನಾನು ಹೋಗಿ ಹುಡುಕಿದೆ. ನಿಜಕ್ಕೂ ಬರೆದಿರಲಿಲ್ಲ. ನಾವು ಕಂಪನಿಗಳ ಬಗ್ಗೆ ಬರೆದಿದ್ದೆವು, ಸರ್ಕಾರದ ಬಗ್ಗೆ ಬರೆದಿದ್ದೆವು. ಆ ವೇದಿಕೆಯನ್ನು ಆಸೆಯಿಂದ ನೋಡುತ್ತಿದ್ದ ಹುಡುಗಿಯರೊಂದಿಗೆ ಕುಳಿತು ಮಾತನಾಡಿರಲಿಲ್ಲ. ಆದ್ದರಿಂದಲೇ ವಿರೋಧಿಸಿದವರ ಜೊತೆಗೆ ಅಂದು ಟಿ.ವಿ. ಮುಂದೆ ಕುಳಿತು ಕಣ್ಣರಳಿಸಿ ನೋಡಿದವರ ಮಾತುಗಳನ್ನೂ ತಾವು ಧ್ವನಿಮುದ್ರಿಸಬೇಕೆಂದು ಕೇಳುತ್ತೇನೆ. ವೇದಿಕೆ ಕಟ್ಟಿದ ಬಡಗಿಗಳು, ದೀಪ ಹಾಕಿದವರು, ಹೋಟೆಲಿನಲ್ಲಿ ಸ್ಪರ್ಧಿಗಳ ಕೋಣೆ ನೋಡಿಕೊಂಡವರು, ಎಲ್ಲರದೂ ಬೇಕು.

ಇದು ಆಗದ ಕೆಲಸವಲ್ಲ ಎಂಬುದಕ್ಕೆ ಈ ಸ್ಪರ್ಧೆಯದೇ ಇನ್ನೊಂದು ನಿದರ್ಶನವಿದೆ. 1970ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸ್ಪರ್ಧೆ ನಡೆಯುತ್ತಿದ್ದಾಗ, ಹಾಸ್ಯನಟ ಬಾಬ್ ಹೋಪ್ ವೇದಿಕೆಯ ಮೇಲಿದ್ದಾಗ, ಸಭೆಯಲ್ಲಿ ಪ್ರೇಕ್ಷಕರಂತೆ ಕುಳಿತಿದ್ದ ಮಹಿಳಾ ವಿಮೋಚನಾ ಚಳವಳಿಯ ಹೆಂಗಸರು ಎದ್ದು ಹಿಟ್ಟಿನ ಪೊಟ್ಟಣಗಳನ್ನು ಎಸೆದು ಗಿಲಕಿ ಬಾರಿಸಿ ಕಾರ್ಯಕ್ರಮ ನಿಲ್ಲಿಸಿದರು. ಕೆಲವರ ಮೇಲೆ ಮೊಕದ್ದಮೆ ಹೂಡಲಾಯಿತು. ಅದೇ ರಾತ್ರಿ ಗ್ರೆನಡಾದ ಜೆನ್ನಿಫರ್ ಹೋಸ್ಟನ್ ಕಿರೀಟ ಗೆದ್ದ ಮೊದಲ ಕಪ್ಪು ವರ್ಣದ ಮಹಿಳೆಯಾದರು. ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಬಿಳಿಯರ ಪರವಾಗಿ ಒಬ್ಬರು, ಕರಿಯರ ಪರವಾಗಿ ಪರ್ಲ್ ಜಾನ್ಸೆನ್ ಎಂದು ಇಬ್ಬರು ಸ್ಪರ್ಧಿಗಳಿದ್ದರು. ಪ್ರತಿಭಟನೆ ಮಾಡಿದ ಹೆಂಗಸರ ನೆನಪುಗಳು ಧ್ವನಿಮುದ್ರಿಕೆಗಳಾಗಿ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಮುಂದೆ ತಮ್ಮ ದೇಶದ ರಾಜತಾಂತ್ರಿಕ ಪ್ರತಿನಿಧಿಯಾದ ಜೆನ್ನಿಫರ್ ಹೋಸ್ಟನ್ ತಮ್ಮ ಕಡೆಯ ಕಥೆಯನ್ನು ತಾವೇ ಹೇಳಿದ್ದಾರೆ, ತಾನು ಗೆದ್ದದ್ದು ಎಷ್ಟೋ ಕಪ್ಪು ಹುಡುಗಿಯರಿಗೆ ಏನಾಗಿತ್ತು ಎಂಬುದನ್ನು ತಿಳಿಸಿದ್ದಾರೆ. ಎರಡೂ ಕಡೆಯ ಮಾತು ಉಳಿದ ಕಾರಣಕ್ಕೆ ಅಲ್ಲಿನವರು ಇಂದು ಆ ರಾತ್ರಿಯನ್ನು ಪೂರ್ತಿಯಾಗಿ ನೋಡಬಲ್ಲರು. ನಮ್ಮ 1996ರ ಬಗ್ಗೆ ಇಂಗ್ಲಿಷಿನಲ್ಲಿ, ಬಹುತೇಕ ಹೊರದೇಶಗಳ ವಿದ್ವತ್ ಪತ್ರಿಕೆಗಳಲ್ಲಿ, ಒಳ್ಳೆಯ ಪ್ರಬಂಧಗಳು ಬಂದಿವೆ. ಆದರೆ ಅವುಗಳಿಗೆ ಸಿಕ್ಕಿರುವ ಆಧಾರ ಹೆಚ್ಚಾಗಿ ಇಂಗ್ಲಿಷ್ ಪತ್ರಿಕೆಗಳದು. ಜಗಳವಾದದ್ದು ಕನ್ನಡದಲ್ಲಿ, ಭಾಷಣವಾದದ್ದು ಕನ್ನಡದಲ್ಲಿ, ಕರಪತ್ರ ಅಚ್ಚಾದದ್ದು ಕನ್ನಡದಲ್ಲಿ.

ಬೆಂಗಳೂರಿನ ನಂತರದ ಕಥೆಯೂ ಈ ಕೋರಿಕೆಗೆ ಸಂಬಂಧಪಟ್ಟದ್ದೇ. ಎಬಿಸಿಎಲ್ ಸಾಲದಲ್ಲಿ ಮುಳುಗಿತು. ಮರುವರ್ಷ ಸ್ಪರ್ಧೆ ಸೆಶೆಲ್ಸಿಗೇ ಹೋಯಿತು, ಅಲ್ಲಿ ಹೈದರಾಬಾದಿನ ಡಯಾನಾ ಹೇಡನ್ ಗೆದ್ದರು. 2002ರಲ್ಲಿ ನೈಜೀರಿಯಾದಲ್ಲಿ ಸ್ಪರ್ಧೆ ನಡೆಸಲು ಹೊರಟಾಗ ಕಡೂನಾ ನಗರದಲ್ಲಿ ಎದ್ದ ಗಲಭೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತು, ಸ್ಪರ್ಧೆಯನ್ನು ಲಂಡನ್ನಿಗೆ ಸ್ಥಳಾಂತರಿಸಬೇಕಾಯಿತು. ಈಜುಡುಗೆಯ ಸುತ್ತನ್ನು ಕೈಬಿಡುವುದಾಗಿ ಸಂಘಟಕರು 2014ರಲ್ಲಿ ಪ್ರಕಟಿಸಿದರು. ಭಾರತಕ್ಕೆ ಸ್ಪರ್ಧೆ ಮರಳಿ ಬಂದದ್ದು 2024ರ ಮಾರ್ಚಿನಲ್ಲಿ ಮುಂಬೈಗೆ, ಆ ಮೇಲೆ 2025ರ ಮೇ ತಿಂಗಳಿನಲ್ಲಿ ಹೈದರಾಬಾದಿಗೆ. ಹೈದರಾಬಾದಿನ ಸ್ಪರ್ಧೆಗೆ ತೆಲಂಗಾಣ ಸರ್ಕಾರವೇ ಆತಿಥ್ಯ ವಹಿಸಿತ್ತು. ಸ್ಪರ್ಧಿಗಳನ್ನು ಮುಳುಗು ಜಿಲ್ಲೆಯ ರಾಮಪ್ಪ ದೇವಾಲಯಕ್ಕೆ ಕರೆದೊಯ್ದಾಗ ಸ್ಥಳೀಯ ಹೆಂಗಸರಿಂದ ಅವರ ಕಾಲಿಗೆ ನೀರು ಹಾಕಿಸಿ ಒರೆಸಿದ ದೃಶ್ಯ ಹೊರಬಂದು ದೊಡ್ಡ ಆಕ್ರೋಶವಾಯಿತು. ಆ ಚಿತ್ರ ನೋಡಿದಾಗ ನನಗೆ ಕಲ್ಯಾಣ ಮಂಟಪದ ಅಡುಗೆಮನೆ ನೆನಪಾಯಿತು. ವೇದಿಕೆಯ ಕೆಳಗಿನ ಹೆಂಗಸರಿಂದ ಏನು ಕೆಲಸ ಮಾಡಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ನಮ್ಮ ರಾಜ್ಯ 1996ರಲ್ಲೇ ಎದುರಿಸಿತ್ತು. ಆ ಅನುಭವದ ಕಡತ ತೆರೆದಿದ್ದರೆ, ಪಕ್ಕದ ರಾಜ್ಯದ ಅಧಿಕಾರಿಯೊಬ್ಬರು ತರಿಸಿ ಓದಬಹುದಿತ್ತು. ನಾಳೆ ನಮ್ಮ ರಾಜ್ಯವೇ ಇಂಥ ಇನ್ನೊಂದು ಕಾರ್ಯಕ್ರಮಕ್ಕೆ ಆಹ್ವಾನ ಕೊಟ್ಟರೆ, ವಿಧಾನಸೌಧದಲ್ಲಿ ಕುಳಿತು ತೀರ್ಮಾನ ಮಾಡುವವರ ಮೇಜಿನ ಮೇಲೆ 1996ರ ಒಂದು ಹಾಳೆಯಾದರೂ ಇರಬೇಡವೇ?

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಗೃಹ ಇಲಾಖೆ, ನಗರ ಪೊಲೀಸ್, ಮಹಾನಗರ ಪಾಲಿಕೆ, ಪ್ರವಾಸೋದ್ಯಮ ಇಲಾಖೆ ಮತ್ತು ಮುಖ್ಯಮಂತ್ರಿಗಳ ಕಚೇರಿಗೆ ಬರೆದು, ಈ ಸ್ಪರ್ಧೆಗೆ ಸಂಬಂಧಿಸಿದ ಕಡತಗಳಲ್ಲಿ ಉಳಿದಿರುವುದನ್ನು ನಾಶಪಡಿಸದಂತೆ ಮೊದಲು ತಡೆಯಿರಿ. ವರ್ಗಾವಣೆಯ ಮಾತು ಆಮೇಲೆ. ನಾಶವಾಗಿದ್ದರೆ ಯಾವಾಗ, ಯಾವ ಆದೇಶದ ಮೇಲೆ ನಾಶವಾಯಿತು ಎಂಬ ಪಟ್ಟಿಯನ್ನಾದರೂ ಪಡೆಯಿರಿ, ಅದೂ ಒಂದು ದಾಖಲೆ. ವಿಧಾನಮಂಡಲದಲ್ಲಿ ನಡೆದ ಚರ್ಚೆಗಳನ್ನು, ಹೈಕೋರ್ಟಿನ ಆದೇಶಗಳನ್ನು ಪ್ರತಿ ಮಾಡಿ ಇವುಗಳ ಜೊತೆ ಇಡಿ. ಖಾಸಗಿ ಸಂಗ್ರಹಗಳನ್ನು ಕೊಡಲು ಜನರನ್ನು ಪತ್ರಿಕೆಗಳ ಮೂಲಕ ಆಹ್ವಾನಿಸಿ. ಕೊಡುವವರಿಗೆ ರಸೀದಿ ಕೊಡಿ, ಬಯಸಿದವರಿಗೆ ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತು ಹಾಕಲು ಅವಕಾಶ ಕೊಡಿ, ಏಕೆಂದರೆ ಬಂಧನಕ್ಕೆ ಒಳಗಾದ ಎಷ್ಟೋ ಹೆಂಗಸರು ಮನೆಯವರಿಗೆ ಇಂದಿಗೂ ಆ ಸಂಗತಿ ಹೇಳಿಲ್ಲ. ಧ್ವನಿಮುದ್ರಣದ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಇತಿಹಾಸ, ಮಹಿಳಾ ಅಧ್ಯಯನ ಮತ್ತು ಪತ್ರಿಕೋದ್ಯಮ ವಿಭಾಗಗಳ ವಿದ್ಯಾರ್ಥಿಗಳನ್ನು ಬಳಸಿಕೊಳ್ಳಬಹುದು. ಸಾಧಾರಣ ಯಂತ್ರ ಸಾಕು, ತಾಳ್ಮೆ ಬೇಕು. ಬಂದೋಬಸ್ತಿಗೆ ಬಂದಿದ್ದ ಪೊಲೀಸರನ್ನು ಹುಡುಕುವಾಗ ಹೊರ ಜಿಲ್ಲೆಗಳನ್ನು ಮರೆಯಬೇಡಿ. ಅವರಲ್ಲಿ ಬಹುಪಾಲು ಜನ ಈಗ ನಿವೃತ್ತರು, ಮಾತನಾಡಲು ಅವರಿಗೆ ಈಗ ಅಡ್ಡಿಯಿಲ್ಲ.

ಆಗ ವಿರುದ್ಧ ಕಡೆ ನಿಂತಿದ್ದವರಲ್ಲಿ ಯಾರಾದರೂ ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮ ಬಳಿ ಇರುವ ಟಿಕೆಟಿನ ತುಂಡು, ಕಾರ್ಯಕ್ರಮದ ಪುಸ್ತಿಕೆ, ವೇದಿಕೆಯ ಚಿತ್ರ, ನಮ್ಮಂಥವರ ಮೇಲೆ ಕೋಪದಿಂದ ಬರೆದ ಕಾಗದ, ಎಲ್ಲವೂ ಅದೇ ಸಂಗ್ರಹಕ್ಕೆ ಬರಲಿ. ನಮ್ಮ ಕಾಗದಗಳ ಪಕ್ಕದಲ್ಲೇ ಅವು ಇರಲಿ.

ನನ್ನ ಪೆಟ್ಟಿಗೆಯಲ್ಲಿ ಗೆದ್ದಲು ಬಿಟ್ಟದ್ದು 143 ಹಾಳೆ. ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ, ಸಿಕ್ಕ ದಿನ ಮತ್ತು ಜಾಗ ನೆನಪಿದ್ದಷ್ಟು ಬರೆದು, ಪಟ್ಟಿ ಸಿದ್ಧಮಾಡಿದ್ದೇನೆ. ‘ಮಾನ’ವನ್ನು ‘ಘನತೆ’ ಎಂದು ತಿದ್ದಿದ ಹಾಳೆ 37ನೆಯದು. ಅದರ ಬಲ ಅಂಚು ತೀರ ಶಿಥಿಲವಾಗಿದೆ, ತಮ್ಮ ಸಂರಕ್ಷಣಾ ವಿಭಾಗದವರು ಅದನ್ನು ಮೊದಲು ನೋಡಬೇಕು. ತಾವು ಒಂದು ದಿನ ಗೊತ್ತು ಮಾಡಿ ತಿಳಿಸಿದರೆ ಪೆಟ್ಟಿಗೆಯನ್ನು ನಾನೇ ತಂದು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕಿ,
ಬೆಂಗಳೂರು